ಅಕೊಂಕಾಗುವ ಬೆಟ್ಟದಲ್ಲಿ ಅಕ್ಕನ ಜೊತೆ ಹದಿನಾರು ದಿನ

ದಿನ 1, ಮೆಂಡೋಸಾ

ಗೈಡ್ ನಮ್ಮ ಹೋಟೆಲ್ ಕೋಣೆಗೆ ಬಂದು, ಮಂಚದ ಮೇಲೆ ಹರಡಿದ್ದ ಸಾಮಾನನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರು. ಎರಡು ಪದರದ ಬೂಟು, ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಮೊನೆಗಳ ಕ್ರ್ಯಾಂಪಾನ್, ಡೌನ್ ಜಾಕೆಟ್, ಮೂರು ಜೊತೆ ಕೈಗವಸು. ಎಲ್ಲದಕ್ಕೂ ತಲೆಯಾಡಿಸಿದರು. ನಾನು ತಂದಿದ್ದ ಪೈಪಿನ ನೀರಿನ ಚೀಲವನ್ನು ಮಾತ್ರ ತೆಗೆದು ಪಕ್ಕಕ್ಕಿಟ್ಟರು.

"ಇದು ಕೆಳಗಿನ ದಾರಿಗೆ ಸಾಕು. ಮೇಲೆ ಹೋದರೆ ಪೈಪಿನಲ್ಲೇ ನೀರು ಗಟ್ಟಿಯಾಗುತ್ತೆ. ಅಗಲ ಬಾಯಿಯ ಬಾಟಲಿ ಬೇಕು. ಅದನ್ನೂ ತಲೆಕೆಳಗಾಗಿ ಇಡಬೇಕು. ನೀರು ಮೊದಲು ಮೇಲ್ಭಾಗದಲ್ಲಿ ಹೆಪ್ಪುಗಟ್ಟೋದು. ಬಾಟಲಿ ತಲೆಕೆಳಗಿದ್ದರೆ ಮುಚ್ಚಳದ ಹತ್ತಿರ ನೀರು ನೀರಾಗೇ ಉಳಿಯುತ್ತೆ."

ಸರಿ ಅಂದೆ. ಅಕ್ಕ ಇದನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಬರೆದುಕೊಳ್ಳಲಿಲ್ಲ.

ಅಕೊಂಕಾಗುವ 6,961 ಮೀಟರ್ ಎತ್ತರದ ಬೆಟ್ಟ. ಅರ್ಜೆಂಟೀನಾದಲ್ಲಿದೆ. ಏಷ್ಯಾ ಬಿಟ್ಟರೆ ಪ್ರಪಂಚದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇನ್ನೊಂದಿಲ್ಲ. ಸಾಮಾನ್ಯವಾಗಿ ಎಲ್ಲರೂ ಹೋಗುವ ವಾಯುವ್ಯದ ದಾರಿಯಲ್ಲಿ ಹಗ್ಗ ಕಟ್ಟಿಕೊಂಡು ಏರುವಂಥ ಬಂಡೆಗಳಿಲ್ಲ. ನಡೆದೇ ಹೋಗಬಹುದು. ಅದಕ್ಕೇ ಇದನ್ನು ಸುಲಭ ಅಂದುಕೊಂಡು ಬರುವವರು ಜಾಸ್ತಿ. ಇಲ್ಲಿ ಕಾಡುವುದು ಬಂಡೆಯಲ್ಲ, ಗಾಳಿ, ಚಳಿ ಮತ್ತು ಉಸಿರು. ನಾನಾಗಲಿ ಅಕ್ಕ ಆಗಲಿ ಇದಕ್ಕೆ ಮೊದಲು 5,500 ಮೀಟರ್ ದಾಟಿದವರಲ್ಲ. ಆದ್ದರಿಂದ ಗೈಡ್ ಇರುವ ತಂಡಕ್ಕೇ ಸೇರಬೇಕು ಅಂತ ಮೊದಲೇ ತೀರ್ಮಾನಿಸಿದ್ದೆವು. ಎಂಟು ಜನ ಹತ್ತುವವರು, ಮೂವರು ಗೈಡ್‌ಗಳು. ಅಕ್ಕನಿಗೆ 52, ನನಗೆ 44.

ದಿನ 2, ಪೆನಿಟೆಂಟೆಸ್

ಪರ್ಮಿಟ್ ಕೆಲಸ ಮುಗಿಸಿ ವ್ಯಾನಿನಲ್ಲಿ ಬೆಟ್ಟದ ಕಡೆ ಹೊರಟೆವು. ಸಂಜೆಯೆಲ್ಲ ಸಾಮಾನು ಬೇರೆ ಮಾಡುವ ಕೆಲಸ. ಬೇಸ್ ಕ್ಯಾಂಪಿನವರೆಗೆ ಹೇಸರಗತ್ತೆಗಳು ಹೊರುವ ಮೂಟೆ ಒಂದು ಕಡೆ, ನಾವೇ ಹೊರುವ ಚೀಲ ಇನ್ನೊಂದು ಕಡೆ. ಬೇರೆ ಹೇಳುವಂಥದ್ದೇನಿಲ್ಲ. ಬೇಗ ಮಲಗಿದೆವು.

ದಿನ 3, ಓರ್ಕೋನೆಸ್‌ನಿಂದ ಕೊನ್‌ಫ್ಲುಯೆನ್ಸಿಯಾ

ಪಾರ್ಕಿನ ಬಾಗಿಲಲ್ಲಿ ರೇಂಜರ್ ಪರ್ಮಿಟ್ ನೋಡಿ, ಒಬ್ಬೊಬ್ಬರಿಗೂ ನಂಬರ್ ಹಾಕಿದ ಕಸದ ಚೀಲ ಕೊಟ್ಟರು. ವಾಪಸ್ ಬರುವಾಗ ಕಸದ ಸಮೇತ ಇದನ್ನು ತೋರಿಸಬೇಕು, ಇಲ್ಲದಿದ್ದರೆ ದಂಡ. ಮೇಲಿನ ಕ್ಯಾಂಪುಗಳಲ್ಲಿ ನಮ್ಮ ಮಲವನ್ನೂ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಕೇಳಿದಾಗ ಮುಖ ಕಿವುಚಿದವರು ನಮ್ಮ ತಂಡದಲ್ಲೇ ಇದ್ದರು. ನನಗೆ ಮಾತ್ರ ಈ ನಿಯಮ ತುಂಬ ಹಿಡಿಸಿತು. ಮೇಲೆ ಎಲ್ಲರೂ ಕುಡಿಯುವುದು ಅಲ್ಲಿನ ಹಿಮವನ್ನೇ ಕರಗಿಸಿದ ನೀರು ತಾನೆ?

ಬಾಗಿಲಿನಿಂದ ಸ್ವಲ್ಪ ಮುಂದೆ ಬಂದ ಕೂಡಲೇ ಕಣಿವೆಯ ಕೊನೆಯಲ್ಲಿ ಬೆಟ್ಟ ಕಂಡಿತು. ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಕಾಣುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ. ಅಕ್ಕ ಮಾತೇ ಆಡಲಿಲ್ಲ. ದಾರಿ ಪಕ್ಕದ ಓರ್ಕೋನೆಸ್ ನದಿ ಮಣ್ಣು ಕಲಸಿದ ಹಾಗೆ ಕಂದು ಬಣ್ಣ, ಕುಡಿಯುವಂತಿಲ್ಲ. ನಾಲ್ಕು ಗಂಟೆ ನಡಿಗೆ, 3,400 ಮೀಟರ್ ಹತ್ತಿರ ಕ್ಯಾಂಪು.

ಅಲ್ಲಿ ಡಾಕ್ಟರ್ ಇರುತ್ತಾರೆ. ಅವರ ಸಹಿ ಇಲ್ಲದೆ ಮುಂದೆ ಹೋಗುವಂತಿಲ್ಲ. ಬಿ.ಪಿ., ಬೆರಳಿಗೆ ಕ್ಲಿಪ್ ಹಾಕಿ ರಕ್ತದಲ್ಲಿರುವ ಆಮ್ಲಜನಕದ ಮಟ್ಟ, ಶ್ವಾಸಕೋಶದ ಸದ್ದು, ಇಷ್ಟೂ ನೋಡುತ್ತಾರೆ. ನನಗೆ ಆಮ್ಲಜನಕ ನೂರಕ್ಕೆ 91 ಬಂತು, ಬಿ.ಪಿ. ಸರಿ ಇತ್ತು. ಅಕ್ಕನ ಬಿ.ಪಿ. 155ಕ್ಕೆ 95. ಡಾಕ್ಟರ್ ಸಹಿ ಹಾಕಲಿಲ್ಲ. "ಉಪ್ಪು ಕಡಿಮೆ ಮಾಡಿ, ಕಾಫಿ ಬೇಡ, ನೀರು ಚೆನ್ನಾಗಿ ಕುಡೀರಿ, ನಾಳೆ ಸಂಜೆ ಬನ್ನಿ" ಅಂದರು.

ರಾತ್ರಿ ಟೆಂಟಿನಲ್ಲಿ ಅಕ್ಕ ಚಾವಣಿ ನೋಡುತ್ತಾ ಮಲಗಿದ್ದಳು. "ನನ್ನ ವಾಪಸ್ ಕಳಿಸಿದ್ರೆ ನೀನು ಹೋಗು ಕಣೇ. ನಂಗೋಸ್ಕರ ನಿಲ್ಲಬೇಡ" ಅಂದಳು. ಸುಮ್ನೆ ಮಲಗು ಅಂದೆ. ನನಗೂ ನಿದ್ದೆ ಬರಲಿಲ್ಲ.

ದಿನ 4, ಪ್ಲಾಸಾ ಫ್ರಾನ್ಸಿಯಾ

ದೇಹ ಹೊಂದಿಕೊಳ್ಳಲಿ ಅಂತ 4,000 ಮೀಟರಿನಾಚೆ ಹೋಗಿ ವಾಪಸ್ ಅದೇ ಕ್ಯಾಂಪಿಗೆ ಬರುವ ದಿನ ಇದು. ಅಲ್ಲಿಂದ ಅಕೊಂಕಾಗುವದ ದಕ್ಷಿಣ ಮುಖ ಎದುರಿಗೇ ಕಾಣುತ್ತದೆ. ಎರಡೂವರೆ ಸಾವಿರ ಮೀಟರಿಗೂ ಎತ್ತರದ ಹಿಮ, ಬಂಡೆಗಳ ಗೋಡೆ. 1954ರಲ್ಲಿ ಒಂದು ಫ್ರೆಂಚ್ ತಂಡ ಇದನ್ನು ಮೊದಲ ಸಲ ಹತ್ತಿತು. ಅವರಲ್ಲಿ ಕೆಲವರು ಹಿಮಕಡಿತಕ್ಕೆ, ಅಂದರೆ ಚಳಿಗೆ ಮೈ ಹೆಪ್ಪುಗಟ್ಟಿ, ಬೆರಳು ಕಳೆದುಕೊಂಡರು. ನಾವು ಕುಳಿತಿದ್ದಾಗಲೇ ಎಲ್ಲೋ ಮೇಲಿಂದ ಹಿಮ ಕುಸಿಯಿತು. ಮೊದಲು ಬಿಳಿ ಪುಡಿ ಕಂಡಿತು, ಸದ್ದು ಆಮೇಲೆ ಬಂತು.

ನೀರಿನ ಬಗ್ಗೆ ಗೈಡ್ ಪಾಠ ಮಾಡಿದ್ದು ಅಲ್ಲೇ. ಎತ್ತರದಲ್ಲಿ ಗಾಳಿ ತೆಳು, ಹಾಗಾಗಿ ಜೋರಾಗಿ ಉಸಿರಾಡುತ್ತೇವೆ. ಆ ಒಣ ಗಾಳಿ ಪ್ರತಿ ಉಸಿರಿನಲ್ಲೂ ಒಳಗಿನ ತೇವ ಎಳೆದುಕೊಂಡು ಹೋಗುತ್ತದೆ. ಜೋರಾಗಿ ಉಸಿರಾಡಿ ರಕ್ತದ ಹದ ಕೆಟ್ಟಿರುತ್ತದಲ್ಲ, ಅದನ್ನು ಸರಿ ಮಾಡಲು ಕಿಡ್ನಿ ಮೂತ್ರ ಜಾಸ್ತಿ ಮಾಡುತ್ತದೆ. ಅಲ್ಲೂ ನೀರು ಹೋಗುತ್ತದೆ. ಆದರೆ ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ. "ದಿನಕ್ಕೆ ನಾಲ್ಕು ಲೀಟರ್. ಬಾಯಾರಿಕೆ ಆಗಲಿ ಅಂತ ಕಾಯಬೇಡಿ" ಅಂದರು. ಅವತ್ತಿನಿಂದ ಅಕ್ಕ ಗಂಟೆಗೊಂದು ಸಲ ನನ್ನ ಕಡೆ ತಿರುಗಿ ಕೇಳಲು ಶುರು ಮಾಡಿದಳು: "ನೀರು ಕುಡಿದ್ಯಾ?"

ಸಂಜೆ ಅವಳ ಬಿ.ಪಿ. 138ಕ್ಕೆ 86. ಡಾಕ್ಟರ್ ಸಹಿ ಹಾಕಿದರು. ಅಕ್ಕ ಹೊರಗೆ ಬಂದು ನನ್ನ ಭುಜ ಹಿಡಿದುಕೊಂಡು ಅತ್ತಳು.

ದಿನ 5, ಪ್ಲಾಸಾ ಡೆ ಮುಲಾಸ್

ಏರುವ ದಾರಿಯಲ್ಲಿ ಎಲ್ಲಕ್ಕಿಂತ ಉದ್ದದ ನಡಿಗೆ. ಪ್ಲಾಯಾ ಆಂಚಾ ಅನ್ನುವ ಅಗಲ ಕಣಿವೆಯಲ್ಲಿ ಗಂಟೆಗಟ್ಟಲೆ ನಡೆದರೂ ಎದುರಿನ ಗುಡ್ಡ ಹತ್ತಿರ ಬರುವುದಿಲ್ಲ. ಹೇಸರಗತ್ತೆಗಳ ಸಾಲು ದೂಳೆಬ್ಬಿಸಿಕೊಂಡು ನಮ್ಮನ್ನು ದಾಟಿ ಹೋಯಿತು. ಕೊನೆಗೆ ಕುವೆಸ್ತಾ ಬ್ರಾವಾ ಅನ್ನುವ ಕಡಿದಾದ ಏರು. ಒಂಬತ್ತು ಗಂಟೆ ಬೇಕಾಯಿತು. 4,300 ಮೀಟರಿನ ಮೇಲೆ ಒಂದು ಟೆಂಟುಗಳ ಊರೇ ಇದೆ. ಅದೇ ನಮ್ಮ ಬೇಸ್ ಕ್ಯಾಂಪು.

ದಿನ 6ರಿಂದ 9, ಬೇಸ್ ಕ್ಯಾಂಪು

ಒಂದು ದಿನ ವಿಶ್ರಾಂತಿ, ಒಂದು ದಿನ ಎದುರಿನ ಬೊನೆತೆ ಬೆಟ್ಟ, ಒಂದು ದಿನ 5,000 ಮೀಟರಿನ ಕೆನಡಾ ಕ್ಯಾಂಪಿಗೆ ಊಟದ ಸಾಮಾನು, ಗ್ಯಾಸ್ ಹೊತ್ತು ಇಟ್ಟು ಬರುವುದು, ಮತ್ತೊಂದು ದಿನ ವಿಶ್ರಾಂತಿ. ಹತ್ತಿ ಇಳಿಯುವುದು, ಮತ್ತೆ ಹತ್ತುವುದು. ದುಡ್ಡು ಕೊಟ್ಟು ಬಂದಿದ್ದೇವೆ, ಸುಮ್ಮನೆ ಕೂರಿಸುತ್ತಾರಲ್ಲ ಅಂತ ತಂಡದಲ್ಲೊಬ್ಬರು ಗೊಣಗಿದರು. ನನಗೆ ಹಾಗನಿಸಲಿಲ್ಲ. ಇಲ್ಲಿ ಸಮುದ್ರಮಟ್ಟದ ಗಾಳಿಯ ಒತ್ತಡದಲ್ಲಿ ನೂರಕ್ಕೆ ಸುಮಾರು ಅರವತ್ತು ಭಾಗ ಮಾತ್ರ ಇರುತ್ತದೆ. ತುದಿಯಲ್ಲಿ ನಲವತ್ತರ ಆಸುಪಾಸು. ದೇಹ ಹೊಸ ಕೆಂಪು ರಕ್ತಕಣ ಮಾಡಿಕೊಳ್ಳಲು ದಿನಗಳಲ್ಲ, ವಾರಗಳೇ ಬೇಕು. ಅದನ್ನು ಯಾವ ಗೈಡೂ ಅವಸರ ಮಾಡಿಸಲು ಆಗುವುದಿಲ್ಲ.

ರಾತ್ರಿ ಒಂದು ವಿಚಿತ್ರ. ಅಕ್ಕನ ಉಸಿರು ಜೋರಾಗಿ, ಇನ್ನೂ ಜೋರಾಗಿ ಬಂದು, ಆಮೇಲೆ ಒಮ್ಮೆಲೇ ನಿಂತುಹೋಗುತ್ತಿತ್ತು. ನಾನು ಎದ್ದು ಕುಳಿತು ಎಣಿಸುತ್ತಿದ್ದೆ. ಹತ್ತು, ಹನ್ನೆರಡು. ಆಮೇಲೆ ದೊಡ್ಡದೊಂದು ಉಸಿರು. ನಿದ್ದೆಯಲ್ಲಿ ಎತ್ತರ ಹೀಗೆ ಮಾಡುವುದು ಮಾಮೂಲಿ, ಭಯಪಡಬೇಕಿಲ್ಲ ಅಂತ ಡಾಕ್ಟರ್ ಬೆಳಿಗ್ಗೆ ಹೇಳಿದರು. "ನೀನೂ ಹಾಗೇ ಮಾಡ್ತಿದ್ದೆ, ನಾನೂ ಎಣಿಸ್ತಿದ್ದೆ" ಅಂದಳು ಅಕ್ಕ.

ಹೆಂಗಸರಿಗಾಗಿ ಒಂದು ಮಾತು. ರಾತ್ರಿ ಮೂತ್ರಕ್ಕೆ ಟೆಂಟಿನೊಳಗೇ ಬಾಟಲಿ ಬಳಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬನ್ನಿ. ಹೊರಗೆ ಹೋಗಬೇಕಲ್ಲ ಅಂತ ನೀರು ಕಡಿಮೆ ಕುಡಿಯುವವರು ನಾವೇ. ನಾನೂ ಹಾಗೇ ಮಾಡಿದೆ. ಎರಡನೇ ಬಾರಿ ಡಾಕ್ಟರ್ ಹತ್ತಿರ ಹೋದಾಗ ಮೂತ್ರದ ಬಣ್ಣ ಕೇಳಿ, "ಇನ್ನೂ ಕುಡಿಯಬೇಕು" ಅಂದರು.

ದಿನ 10 ಮತ್ತು 11, ಕೆನಡಾದಿಂದ ಕಾಂಡೋರ್‌ಗಳ ಗೂಡಿಗೆ

ಈಗಿನಿಂದ ಹೇಸರಗತ್ತೆ ಇಲ್ಲ, ಡಾಕ್ಟರ್ ಇಲ್ಲ, ಹರಿಯುವ ನೀರೂ ಇಲ್ಲ. ಇಳಿಜಾರಿನಲ್ಲಿ ಎದೆಮಟ್ಟದ ಹಿಮದ ಮೊನೆಗಳು ಸಾಲಾಗಿ ಸೂರ್ಯನ ಕಡೆ ಬಾಗಿ ನಿಂತಿದ್ದವು. ಪೆನಿಟೆಂಟೆಸ್ ಅಂತಲೇ ಇವುಗಳ ಹೆಸರು. ಒಂದು ಹೆಜ್ಜೆ, ಒಂದು ಉಸಿರು. ಹಿಂದಿನ ಕಾಲನ್ನು ನೇರ ನಿಲ್ಲಿಸಿ, ಮೂಳೆಯ ಮೇಲೆ ಭಾರ ಬಿಟ್ಟು, ಒಂದು ಕ್ಷಣ ನಿಂತು, ಆಮೇಲೆ ಮುಂದಿನ ಹೆಜ್ಜೆ. ಗೈಡ್ ಮುಂದೆ ಹೋಗುತ್ತಾ "ದೆಸ್ಪಾಸಿಯೊ" ಅನ್ನುತ್ತಿದ್ದರು. ನಿಧಾನ ಅಂತ.

ನಿದೊ ಡೆ ಕೊಂದೋರೆಸ್ ಅಂದರೆ ಕಾಂಡೋರ್‌ಗಳ ಗೂಡು. ಕಾಂಡೋರ್ ಅಂದರೆ ಈ ಬೆಟ್ಟಗಳ ದೊಡ್ಡ ರಣಹದ್ದು. 5,550 ಮೀಟರ್ ಹತ್ತಿರದ ಬಯಲು, ಗಾಳಿಗೆ ಅಡ್ಡವೇ ಇಲ್ಲ. ಟೆಂಟಿನ ಸುತ್ತ ಕಲ್ಲು ಪೇರಿಸುವಷ್ಟರಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಆದರೆ ಸಂಜೆ ಸೂರ್ಯ ಮುಳುಗುವಾಗ ಆಂಡೀಸ್ ಸಾಲುಗಳೆಲ್ಲ ಒಂದರ ಹಿಂದೊಂದು ಕೆಂಪಾಗಿ, ಆಮೇಲೆ ನೀಲಿಯಾಗಿ ನಿಂತವು. ಅಂಥದ್ದನ್ನು ನೋಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ದಿನ 12, ಗಾಳಿ

ಇಡೀ ದಿನ ಟೆಂಟಿನೊಳಗೆ. ಬಟ್ಟೆ ಪಟಪಟ ಬಡಿಯುವ ಸದ್ದಿಗೆ ಮಾತಾಡಲು ಕೂಗಬೇಕಿತ್ತು. ಮಧ್ಯಾಹ್ನ ಗೈಡ್ ತೆವಳಿಕೊಂಡು ಒಳಗೆ ಬಂದು, ನಾಳಿದ್ದಿನ ಹೊತ್ತಿಗೆ ಗಾಳಿ ಇಳಿಯಬಹುದು ಅಂತ ಹೇಳಿ, ಹಾಗೇ ಕುಳಿತು ಒಂದು ಹಳೆಯ ಕಥೆ ಹೇಳಿದರು. ಈ ಬೆಟ್ಟದ ತುದಿಯನ್ನು ಮೊದಲು ಮುಟ್ಟಿದ ದಾಖಲೆ ಇರುವುದು ಮಾಥಿಯಾಸ್ ಜುರ್ಬ್ರಿಗೆನ್ ಹೆಸರಿನಲ್ಲಿ, 1897ರ ಜನವರಿ 14ರಂದು. ಆತ ಸ್ವಿಸ್ ಗೈಡ್. ಅವನನ್ನು ಕರೆತಂದ ತಂಡದ ನಾಯಕ ಎಡ್ವರ್ಡ್ ಫಿಟ್ಜ್‌ಜೆರಾಲ್ಡ್ ಎಷ್ಟೋ ಸಲ ಪ್ರಯತ್ನಿಸಿದ. ಪ್ರತಿ ಸಲವೂ ಎತ್ತರದ ಕಾಯಿಲೆ ಹಿಡಿದು ಇಳಿದ. ಅವನಿಗೆ ತುದಿ ಸಿಗಲೇ ಇಲ್ಲ.

"ಪಾಪ" ಅಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀರು ಕುಡಿದ್ಯಾ?"

ದಿನ 13, ಕೊಲೆರಾ ಕ್ಯಾಂಪು

ಹೆಚ್ಚು ಕಡಿಮೆ 6,000 ಮೀಟರ್. ಮೂರೂವರೆ ಗಂಟೆ ಏರಿ ಬಂದೆವು. ಸಂಜೆ ಗೈಡ್ ಎಲ್ಲರನ್ನೂ ಸೇರಿಸಿ ಹೇಳಿದ್ದು ಮೂರೇ ಮಾತು. ಬೆಳಿಗ್ಗೆ ಐದಕ್ಕೆ ಹೊರಡುವುದು. ಮಧ್ಯಾಹ್ನ ಮೂರಕ್ಕೆ ಎಲ್ಲಿದ್ದರೂ ತಿರುಗುವುದು. ಯಾರನ್ನಾದರೂ ಇಳಿಯಿರಿ ಅಂದರೆ ವಾದ ಇಲ್ಲ. ಬಿಸಿನೀರು ತುಂಬಿದ ಎರಡು ಬಾಟಲಿ ಕೊಟ್ಟರು. ಅವುಗಳನ್ನು ಬೂಟಿನ ಒಳಪದರದ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿದೆ.

ದಿನ 14

ಹೊರಗೆ ಮೈನಸ್ 22 ಡಿಗ್ರಿ. ತಲೆದೀಪಗಳ ಬೆಳಕಿನಲ್ಲಿ ಬೂಟು ಕಟ್ಟಿಕೊಳ್ಳಲು ಮುಕ್ಕಾಲು ಗಂಟೆ ಹಿಡಿಯಿತು. ಎಲ್ಲರೂ ಹೊರಟು ನಿಂತಿದ್ದರು. ಅವಸರದಲ್ಲಿ ಒಂದು ಬಾಟಲಿಯನ್ನು ಚೀಲದ ತಳಕ್ಕೆ ತುರುಕಿ, ಇನ್ನೊಂದನ್ನು ಪಕ್ಕದ ಜೇಬಿಗೆ ಹಾಕಿದೆ. ನೆಟ್ಟಗೆ, ಮುಚ್ಚಳ ಮೇಲಾಗಿ.

ಎರಡು ಗಂಟೆ ಆದ ಮೇಲೆ ನಿಂತೆವು. ಬಾಟಲಿ ತೆಗೆದೆ. ಮುಚ್ಚಳ ಜಗ್ಗಲಿಲ್ಲ. ದಪ್ಪ ಕೈಗವಸು ತೆಗೆದು ತೆಳು ಗವಸಿನಲ್ಲೇ ತಿರುಗಿಸಿದೆ. ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು, ಬಾಯಿಗೆ ಮಾತ್ರ ಮಂಜಿನ ಬಿರಡೆ. ತಳದಲ್ಲಿರುವ ಇನ್ನೊಂದನ್ನು ತೆಗೆಯಲು ಇಡೀ ಚೀಲ ಬಿಚ್ಚಬೇಕು, ಎಲ್ಲರೂ ಕಾಯಬೇಕು. ಮುಂದಿನ ಸಲ ನೋಡೋಣ ಅಂದುಕೊಂಡೆ. ಅಕ್ಕ ಕೇಳಿದಳು. ಕುಡಿದೆ ಅಂದೆ. ಅಷ್ಟು ದಿನದಲ್ಲಿ ಅವಳಿಗೆ ಹೇಳಿದ ಸುಳ್ಳು ಅದೊಂದೇ.

ಇಂಡಿಪೆಂಡೆನ್ಸಿಯಾ 6,400 ಮೀಟರಿನ ಹತ್ತಿರ. ಮುರಿದುಬಿದ್ದ ಪುಟ್ಟ ಮರದ ಗುಡಿಸಲೊಂದಿದೆ. ಅಲ್ಲಿ ಕ್ರ್ಯಾಂಪಾನ್ ಕಟ್ಟಬೇಕು. ಮತ್ತೆ ಗವಸು ತೆಗೆದು ಪಟ್ಟಿ ಹಿಡಿದೆ. ಪಟ್ಟಿ ಬೆರಳ ಮಧ್ಯೆ ಇರುವುದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಗೊತ್ತಾಗುತ್ತಿರಲಿಲ್ಲ. ತೆಳು ಗವಸು ಎಳೆದು ನೋಡಿದೆ. ಬಲಗೈಯ ಮೂರು ಬೆರಳ ತುದಿ ಮೇಣದ ಬತ್ತಿಯ ಹಾಗೆ ಬೆಳ್ಳಗಾಗಿದ್ದವು.

ಗೈಡ್ ತಮ್ಮ ಜಾಕೆಟ್ ಬಿಚ್ಚಿ ನನ್ನ ಕೈಯನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಕುಳಿತರು. ಇಪ್ಪತ್ತು ನಿಮಿಷ. ಒಂದು ಬೆರಳಿಗೆ ಜೀವ ಬಂತು, ಸೂಜಿ ಚುಚ್ಚಿದ ಹಾಗೆ. ಇನ್ನೆರಡಕ್ಕೆ ಬರಲಿಲ್ಲ. "ಇವತ್ತು ನಿನ್ನ ಬೆಟ್ಟ ಇಲ್ಲಿಗೆ" ಅಂದರು. "ಬಿಸಿಯಾದ ಬೆರಳು ಮೇಲೆ ಹೋಗಿ ಮತ್ತೆ ಹೆಪ್ಪುಗಟ್ಟಿದರೆ ಮೊದಲಿಗಿಂತ ಜಾಸ್ತಿ ಹಾಳಾಗುತ್ತೆ. ಇದು ಕೇಳ್ತಾ ಇರೋದಲ್ಲ, ಹೇಳ್ತಾ ಇರೋದು."

ನಾನು ವಾದ ಮಾಡಲಿಲ್ಲ. ಅಕ್ಕ ಮಾಡಿದಳು. "ನಾನೂ ಬರ್ತೀನಿ. ಇವಳೊಬ್ಬಳನ್ನೇ ಬಿಟ್ಟು ಹೋಗಲ್ಲ."

"ಅಕ್ಕ, ನಂಗೇನೂ ಆಗಿಲ್ಲ. ಗೈಡ್ ಜೊತೆಗಿರ್ತಾರೆ. ನೀನು ಹೋಗಿ ಬಾ. ನೀರು ಕಾಯಿಸಿ ಇಟ್ಟಿರ್ತೀನಿ."

ಅವಳು ನನ್ನ ಕುತ್ತಿಗೆಯ ಬಟ್ಟೆಯನ್ನು ಮೂಗಿನವರೆಗೆ ಎಳೆದು ಸರಿಮಾಡಿದಳು. ಆಮೇಲೆ ತಿರುಗಿ ಸಾಲಿಗೆ ಸೇರಿಕೊಂಡಳು. ಅವಳ ಕೆಂಪು ಚೀಲ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತ ನಿಂತಿದ್ದೆ. ಅಳು ಬಂತು. ಬೆರಳಿನ ನೋವಿಗಲ್ಲ.

ಹನ್ನೊಂದು ಗಂಟೆಗೆ ನಾನು, ಸಹಾಯಕ ಗೈಡ್ ಕೊಲೆರಾಕ್ಕೆ ಇಳಿದೆವು. ಅವರು ನೀರು ಉಗುರುಬೆಚ್ಚಗೆ ಮಾಡಿ, ಮೊಣಕೈ ಅದ್ದಿ ಬಿಸಿ ನೋಡಿ, ನನ್ನ ಕೈಯನ್ನು ಅದರಲ್ಲಿ ಮುಳುಗಿಸಿದರು. ಆ ಅರ್ಧ ಗಂಟೆಯ ನೋವು ಬರೆಯಲು ಆಗುವುದಿಲ್ಲ. ಬೆರಳು ಮೊದಲು ಕೆಂಪಾಗಿ, ಆಮೇಲೆ ಊದಿಕೊಂಡವು. ಬಟ್ಟೆ ಸುತ್ತಿ, ಈ ಕೈ ಇನ್ನು ಮುಟ್ಟಬೇಡ ಅಂದರು.

ಎಡಗೈ ಇತ್ತಲ್ಲ. ಹಿಮ ಕರಗಿಸಲು ಕುಳಿತೆ.

ಇದೂ ಒಂದು ಕಲಿಯಬೇಕಾದ ಕೆಲಸ. ಟೆಂಟುಗಳಿಂದ ದೂರ, ಯಾರೂ ತುಳಿಯದ ಜಾಗದ ಗಟ್ಟಿ ಹಿಮವನ್ನು ಚೀಲಕ್ಕೆ ತುಂಬಿಸಿ ತರಬೇಕು. ಖಾಲಿ ಪಾತ್ರೆಗೆ ಹಿಮ ಹಾಕಿ ಒಲೆ ಹಚ್ಚಿದರೆ ತಳ ಸೀದು ನೀರಿಗೆ ಸುಟ್ಟ ವಾಸನೆ ಬರುತ್ತದೆ. ಮೊದಲು ಎರಡು ಬೆರಳು ನೀರು ಬಿಟ್ಟು, ಅದು ಬಿಸಿಯಾದ ಮೇಲೆ ಒಂದೊಂದೇ ಗಡ್ಡೆ ಹಾಕಬೇಕು. ಗಡ್ಡೆ ಮೊದಲು ಬೂದು ಬಣ್ಣಕ್ಕೆ ತಿರುಗಿ, ನೀರು ಹೀರಿ ಭಾರವಾಗಿ, ಒಂದು ಬದಿಯಿಂದ ಕುಸಿಯುತ್ತದೆ. ಪಾತ್ರೆ ತುಂಬ ಹಾಕಿದ್ದು ತಳಕ್ಕೆ ಇಳಿದುಬಿಡುತ್ತದೆ. ಮತ್ತೆ ಹಾಕಬೇಕು. ಟೆಂಟಿನ ಬಾಗಿಲು ತೆರೆದಿರಲೇಬೇಕು, ಇಲ್ಲದಿದ್ದರೆ ಒಲೆಯ ಹೊಗೆಯಿಲ್ಲದ ವಿಷಗಾಳಿ ಒಳಗೆ ತುಂಬುತ್ತದೆ. ಆ ಎತ್ತರದಲ್ಲಿ ನೀರು 80 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ಕುದಿದದ್ದನ್ನು ಥರ್ಮಾಸಿಗೆ ಹಾಕಿ, ಮತ್ತೆ ಮೊದಲಿನಿಂದ.

ಪಕ್ಕದಲ್ಲಿ ರೇಡಿಯೊ. ಸ್ಪ್ಯಾನಿಷ್ ಮಾತು ಬಂದಾಗಲೆಲ್ಲ ಸಹಾಯಕ ಗೈಡ್ ನನಗೆ ಹೇಳುತ್ತಿದ್ದರು. ತ್ರವೆಸಿಯಾದ ಅಡ್ಡದಾರಿ ದಾಟಿದ್ದಾರೆ. ಕುವೆವಾ ತಲುಪಿದ್ದಾರೆ, ಇಬ್ಬರು ಅಲ್ಲಿಂದ ಇಳಿಯುತ್ತಿದ್ದಾರೆ. ಯಾರು? ಹೆಸರು ಕೇಳಿದೆವು. ಅಕ್ಕ ಅಲ್ಲ. ಆಮೇಲೆ ಕನಲೇತಾ, ಎಲ್ಲರ ಕಾಲೂ ಸೋಲುವ ಕೊನೆಯ ಜಾರು ಏರು. ಒಂದೂವರೆ ಗಂಟೆ ರೇಡಿಯೊ ಸುಮ್ಮನಿತ್ತು. ನಾನು ಹಿಮ ಹಾಕುತ್ತಲೇ ಇದ್ದೆ. ಗಂಟೆ ಎರಡು ಇಪ್ಪತ್ತಕ್ಕೆ ಗರಗರ ಸದ್ದು, ಎಲ್ಲರೂ ಒಟ್ಟಿಗೆ ಕೂಗಿದ್ದು. ಐದು ಜನ ಮೇಲಿದ್ದರು. ಸಹಾಯಕ ಗೈಡ್ ನನ್ನ ಕಡೆ ಬೆರಳು ತೋರಿಸಿ, ಅಕ್ಕ ಇದ್ದಾಳೆ ಅನ್ನುವ ಹಾಗೆ ತಲೆಯಾಡಿಸಿದರು.

ಅಲ್ಲಿಂದ ಸಂಜೆಯವರೆಗೆ ಇದ್ದ ಭಯ ಅದಕ್ಕೆ ಮೊದಲು ಇರಲಿಲ್ಲ. ಜನ ಜಾಸ್ತಿ ಎಡವುವುದು ಇಳಿಯುವಾಗಲೇ ಅಂತ ಗೈಡ್ ಹೇಳಿದ್ದರಲ್ಲ.

ಆರು ಹತ್ತಕ್ಕೆ ಕೆಂಪು ಚೀಲ ಕಂಡಿತು. ಅಕ್ಕ ಟೆಂಟಿನ ಬಾಗಿಲಲ್ಲಿ ಬೂಟು ಹೊರಗೆ ಚಾಚಿಕೊಂಡು ಕುಸಿದು ಕುಳಿತಳು. ರೆಪ್ಪೆ ಮೇಲೆಲ್ಲ ಮಂಜು, ತುಟಿ ಒಡೆದು ರಕ್ತ. ಮಗ್ಗು ಕೈಗೆ ಕೊಟ್ಟೆ. ಮಾತಿಲ್ಲದೆ ಕುಡಿದಳು. ಎರಡನೆಯದು. ಮೂರನೆಯದನ್ನು ಅರ್ಧ ಕುಡಿದು ಕೆಳಗಿಟ್ಟು, "ಬೆರಳು ತೋರಿಸು" ಅಂದಳು.

ತೋರಿಸಿದೆ. ನೀರು ಕುಡಿದೆ ಅಂತ ಸುಳ್ಳು ಹೇಳಿದ್ದನ್ನೂ ಹೇಳಿದೆ. ಬೈತಾಳೆ ಅಂದುಕೊಂಡಿದ್ದೆ. ಅವಳು ಉಳಿದರ್ಧ ಮಗ್ಗನ್ನು ನನ್ನ ಕಡೆ ಚಾಚಿದಳು.

ದಿನ 15 ಮತ್ತು 16

ಒಂದೇ ದಿನದಲ್ಲಿ ಬೇಸ್ ಕ್ಯಾಂಪಿಗೆ ಇಳಿದೆವು. ಡಾಕ್ಟರ್ ಕಟ್ಟು ಬಿಚ್ಚಿದಾಗ ಎರಡು ಬೆರಳ ತುದಿಯಲ್ಲಿ ತಿಳಿನೀರಿನ ಗುಳ್ಳೆ ಎದ್ದಿತ್ತು. ತಿಳಿನೀರಾದರೆ ಒಳ್ಳೆಯದು, ಬೆರಳು ಉಳಿಯುತ್ತವೆ, ಆದರೆ ತುಂಬ ದಿನ ಚಳಿ ತಡೆಯಲ್ಲ ಅಂದರು. ಅಕ್ಕ ಇದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಮರುದಿನ ಸುಮಾರು 25 ಕಿ.ಮೀ. ನಡೆದು ಓರ್ಕೋನೆಸ್‌ಗೆ ಬಂದೆವು. ದಾರಿಯುದ್ದಕ್ಕೂ ಅವಳು ತುದಿಯ ಬಗ್ಗೆ ಸ್ವಲ್ಪ ಸ್ವಲ್ಪವೇ ಹೇಳಿದಳು. ಅಲ್ಲೊಂದು ಪುಟ್ಟ ಅಲ್ಯೂಮಿನಿಯಂ ಶಿಲುಬೆ ಇದೆಯಂತೆ. ನಾಲ್ಕನೇ ದಿನ ನಾವು ಕತ್ತೆತ್ತಿ ನೋಡಿದ್ದ ದಕ್ಷಿಣದ ಗೋಡೆಯನ್ನು ಮೇಲಿಂದ ಬಗ್ಗಿ ನೋಡಿದಳಂತೆ. ನಾನು ಮತ್ತೆ ಮತ್ತೆ ಕೇಳಿದೆ.

ಬಾಗಿಲಲ್ಲಿ ರೇಂಜರ್ ನನ್ನ ಕಸದ ಚೀಲದ ನಂಬರ್ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿದರು. ತುದಿ ಮುಟ್ಟಿದಿರಾ ಅಂತ ಕೇಳಿದರು. ಇವಳು ಮುಟ್ಟಿದಳು ಅಂತ ಅಕ್ಕನನ್ನು ತೋರಿಸಿದೆ.

ಹೋಟೆಲ್ ಕೋಣೆಗೆ ಬಂದವಳೇ ಅಕ್ಕ ನಲ್ಲಿ ತಿರುಗಿಸಿದಳು. ನೀರು ಬಂತು. ಎರಡು ಲೋಟ ತುಂಬಿಸಿ ಒಂದನ್ನು ನನ್ನ ಎಡಗೈಗೆ ಕೊಟ್ಟಳು.